ಮಾರ್ಸೆಲ್ ಹೋಟೆಲು: ಉಳಿದದ್ದು, ಉರುಳಿದ್ದು

ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಮಾರ್ಸೆಲ್ ಬ್ರಾಯರ್ ರೂಪಿಸಿದ ಕಾಂಕ್ರೀಟು ಕಟ್ಟಡವೊಂದಿದೆ. 1970ರಲ್ಲಿ ಟೈರು ಕಂಪನಿಯ ಕಚೇರಿಯಾಗಿ ಮುಗಿದದ್ದು, 2022ರಲ್ಲಿ 165 ಕೋಣೆಗಳ ಹೋಟೆಲಾಯಿತು. ಚಿತ್ರ, ನಕ್ಷೆಗಳಲ್ಲಷ್ಟೇ ಅದನ್ನು ನೋಡಿದವರು ನಾವು.

ಕೆಳಗೆ ಪ್ರಯೋಗಾಲಯ, ಮೇಲೆ ಕಚೇರಿ. ಕೆಳಗಿನ ಸದ್ದು ಮೇಲಿನವರಿಗೆ ತಟ್ಟದಿರಲೆಂದು ನಡುವೆ ಎರಡಂತಸ್ತಿನಷ್ಟು ಬಯಲು. ಗುಮಾಸ್ತರಾದ ನಮಗೆ ಈ ಕಾಳಜಿ ಹಿಡಿಸಿತು. ಹೋಟೆಲು ಮಾಡಿದ ವಾಸ್ತುಶಿಲ್ಪಿ ಬ್ರೂಸ್ ಬೆಕರ್ ಆ ಬಯಲನ್ನು ತುಂಬದೆ ಬಿಟ್ಟದ್ದು ಇನ್ನೂ ಹಿಡಿಸಿತು. ಕಿಟಕಿಗೆ ಮೂರು ಪದರ ಗಾಜು; ಅಡುಗೆಗೂ ಬಿಸಿನೀರಿಗೂ ವಿದ್ಯುತ್ತೇ; ಅದಕ್ಕೆಂದು ಚಾವಣಿಯ ಮೇಲೂ ಕಾರು ನಿಲ್ಲಿಸುವ ಜಾಗದ ಮೇಲೂ ಸೌರಫಲಕಗಳು. ಕಾಂಕ್ರೀಟಿನ ಮುಖ ಕೆಡಿಸದೆ ಇಷ್ಟು ಸಾಧಿಸಿದ್ದು ಮೆಚ್ಚತಕ್ಕದ್ದೇ.

ಆದರೆ ಲೆಕ್ಕ ಇಲ್ಲಿಗೆ ಮುಗಿಯದು. ಪ್ರಯೋಗಾಲಯದ ನೀಳವಾದ ರೆಕ್ಕೆಯ ಬಹುಭಾಗವನ್ನು 2003ರಲ್ಲೇ, ಪಕ್ಕದ ಐಕಿಯಾ ಮಳಿಗೆಯ ಕಾರುಗಳಿಗೆ ಜಾಗ ಬೇಕೆಂದು ಕೆಡವಲಾಗಿತ್ತು. ಮಲಗಿದ ರೆಕ್ಕೆಗೆ ನಿಂತ ಭಾಗವನ್ನು ಎದುರಿಟ್ಟು ಬ್ರಾಯರರು ತೂಗಿದ್ದರು. ಈಗ ತಕ್ಕಡಿಯಲ್ಲಿ ಒಂದೇ ತಟ್ಟೆ. ಮೀಟರು ಇಂದಿನ ಉಳಿತಾಯವನ್ನು ತೋರಿಸುತ್ತದೆ; ಕೆಡವಿದ ಕಾಂಕ್ರೀಟಿಗೆ ಅಂದು ಸುಟ್ಟ ಇಂಧನವನ್ನು ತೋರಿಸದು. ಕೆಡವದಿರುವುದೇ ಮೊದಲ ಉಳಿತಾಯ. ನಮ್ಮ ನಗರಗಳಲ್ಲೂ ಹಳೆಯ ಕಟ್ಟಡದ ಮೇಲೆ ಹಾರೆ ಎತ್ತುವ ಮುನ್ನ ಈ ಬಾಬನ್ನು ಲೆಕ್ಕಕ್ಕೆ ಹಿಡಿಯುವುದು ಲೇಸು.