ಪೊರಕೆಯೂ ಬಂದೂಕೂ

ನಮ್ಮವ್ವ ದೊಡ್ಡಮನೆಯ ಕೊಟ್ಟಿಗೆ ಗುಡಿಸಿ ಬಂದರೆ ಪೊರಕೆಯನ್ನು ಗುಡಿಸಲೊಳಕ್ಕೆ ತರುತ್ತಿರಲಿಲ್ಲ. ಸೂರಿಗೆ ಸಿಕ್ಕಿಸಿ, ಕೈ ತೊಳೆದು ಒಳಗೆ ಬರೋಳು. ಅದು ಮಡಿಯಲ್ಲ, ಸಿಟ್ಟು ಅಂತ ನನಗೆ ತಿಳಿದದ್ದು ಬಹಳ ತಡವಾಗಿ. ಈ ಸಂಚಿಕೆಗೆ ಬರೆಯಲು ಕೂತಾಗ ಕಣ್ಣಮುಂದೆ ಬಂದದ್ದೂ ಒಂದು ಪೊರಕೆಯೇ. ಅದು ಅಮೆರಿಕದ ಗೊಂಬೆಯೊಂದರ ಕೈಯಲ್ಲಿದೆ.

1972ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ರೇನ್‌ಬೋ ಸೈನ್ ಎಂಬ ಕಪ್ಪು ಜನರ ಸಾಂಸ್ಕೃತಿಕ ಕೇಂದ್ರ ತಮ್ಮ ಜನಾಂಗದ ವೀರರನ್ನು ಕುರಿತು ಗುಂಪು ಪ್ರದರ್ಶನವೊಂದನ್ನು ಏರ್ಪಡಿಸಿತು. ಬೆಟಿ ಸಾರ್ ಅದಕ್ಕೊಂದು ಕೃತಿ ಮಾಡಬೇಕಿತ್ತು. ಯಾವನಾದರೂ ಹೋರಾಟಗಾರನ ಮುಖ ಬರೆದುಕೊಟ್ಟಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಆಕೆ ಆರಿಸಿಕೊಂಡದ್ದು ಆಂಟ್ ಜೆಮೈಮಾಳನ್ನು. ಪ್ಯಾನ್‌ಕೇಕ್ ಹಿಟ್ಟಿನ ಪೊಟ್ಟಣದ ಮೇಲೆ ಬಿಳಿಯರ ಅಡುಗೆಮನೆಗಳಲ್ಲಿ ನಗುತ್ತ ನಿಂತಿದ್ದ ಕಪ್ಪು ಆಳುಹೆಂಗಸನ್ನು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಸಿಟ್ಟು ಒಳಗಿತ್ತು. ಕಪ್ಪು ಜನರನ್ನು ಹೀಯಾಳಿಸುವ ಹಳೆಯ ಗೊಂಬೆ, ಚಿತ್ರಗಳನ್ನು ಗುಜರಿಯಿಂದ ಆರಿಸಿ ತಂದು ಕೂಡಿಟ್ಟದ್ದೂ ಇತ್ತು.

ಒಂದಡಿಯೂ ಎತ್ತರವಿಲ್ಲದ ಮರದ ಪೆಟ್ಟಿಗೆ. ಕೆಳಗೆ ಹತ್ತಿ. ಹಿಂದಿನ ಗೋಡೆ ತುಂಬ ಹಲ್ಲುಬಿಡುವ ಜೆಮೈಮಾಗಳ ಸಾಲು. ಮುಂದೆ ಚೀಟಿಪುಸ್ತಕ ಇಡಲು ಮಾಡಿದ್ದ ಒಂದು ಗೊಂಬೆ. ಒಂದು ಕೈಯಲ್ಲಿ ಪೊರಕೆ ಹಾಗೇ ಇದೆ, ಇನ್ನೊಂದು ಕಡೆ ಬಂದೂಕು. ಚೀಟಿ ಇರಬೇಕಾದಲ್ಲಿ, ಅಳುವ ತೆಳುಬಣ್ಣದ ಮಗುವನ್ನೆತ್ತಿಕೊಂಡ ಆಳುಹೆಂಗಸಿನ ಚಿತ್ರ. ಅದರ ಮುಂದೆ ಬಿಗಿಮುಷ್ಟಿ. ಆ ಮಗುವಿನ ಬಣ್ಣ ಎಲ್ಲಿಂದ ಬಂತು ಎಂದು ನಮ್ಮ ಹಟ್ಟಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಅವ್ವನಿಗೆ ಈ ಚಿತ್ರ ತೋರಿಸಿದೆ. ಬಂದೂಕನ್ನು ಅವಳು ನೋಡಲೇ ಇಲ್ಲ. ‘ಇವ್ರೆಲ್ಲ ಯಾಕ್ಲಾ ನಗ್ತಾವ್ರೆ?’ ಅಂದಳು.

ನಮ್ಮ ಗೆಳೆಯರು ಈ ಕೃತಿ ಕಂಡರೆ ಬಂದೂಕಿಗೆ ಕೈ ಮುಗಿಯುತ್ತಾರೆ. ಅದೇ 1972ರಲ್ಲಿ ಬೊಂಬಾಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿದ್ದನ್ನು ನೆನೆದರೆ ಅದು ಸಹಜವೂ ಹೌದು. ನನಗೆ ಮಾತ್ರ ಆಕೆ ಪೊರಕೆಯನ್ನು ಕಿತ್ತು ಹಾಕದೆ ಉಳಿಸಿಕೊಂಡದ್ದೇ ದೊಡ್ಡದು. ಬರೀ ಬಂದೂಕಾಗಿದ್ದರೆ ಅದು ಭಿತ್ತಿಪತ್ರ. ಪೇಶ್ವೆಗಳ ಪುಣೆಯಲ್ಲಿ ನಮ್ಮವರ ಸೊಂಟಕ್ಕೆ ಪೊರಕೆ ಕಟ್ಟಿಸಿದ್ದನ್ನು ಬಾಬಾಸಾಹೇಬರು 1936ರಲ್ಲೇ ಬರೆದರು. ಅದನ್ನು ಮರೆತು ಬಂದೂಕು ಹಿಡಿದವನಿಗೆ ಯಾರ ಮೇಲೆ ಗುರಿಯಿಡಬೇಕೆಂದೇ ಗೊತ್ತಿರುವುದಿಲ್ಲ. 1975ರಲ್ಲಿ ಸಿದ್ಧಲಿಂಗಯ್ಯನವರು ಬೈಗುಳವಾಗಿದ್ದ ಹೆಸರನ್ನೇ ಎತ್ತಿ ‘ಹೊಲೆಮಾದಿಗರ ಹಾಡು’ ಅಂದದ್ದೂ ಇದೇ ಕೆಲಸ.

ಆದರೆ 1997ರ ಜಗಳ ನನ್ನನ್ನು ಕಾಡುತ್ತದೆ. ಕಾರಾ ವಾಕರ್ ಎಂಬ ಎಳೆಯ ಕಲಾವಿದೆ ಕಪ್ಪು ಕಾಗದ ಕತ್ತರಿಸಿ, ಗುಲಾಮಗಿರಿಯ ಕಾಲದ ಕ್ರೌರ್ಯವನ್ನೂ ಕಾಮವನ್ನೂ ಆ ಹಳೆಯ ಹೀಯಾಳಿಕೆಯ ಆಕೃತಿಗಳಲ್ಲೇ ಗೋಡೆಗೆ ಅಂಟಿಸಿದಳು. ಅದರ ವಿರುದ್ಧ ಊರೂರಿಗೆ ಪತ್ರ ಬರೆದವರಲ್ಲಿ ಮುಂದಾಳು ಇದೇ ಬೆಟಿ ಸಾರ್! ಇವು ಬಿಳಿಯರನ್ನು ರಂಜಿಸುತ್ತವೆ ಎಂಬುದು ಆಕೆಯ ದೂರು.

ನಮ್ಮಲ್ಲೂ ಹಟ್ಟಿಯ ಹೆಂಡ, ಬೈಗುಳ, ಹಾದರ ಬರೆದ ಹುಡುಗರಿಗೆ ಹಿರಿಯರು ‘ಅವರ ಮುಂದೆ ಯಾಕಯ್ಯಾ ಬಿಚ್ತೀಯ’ ಅನ್ನುತ್ತಾರೆ. ಆ ಭಯ ಸುಳ್ಳಲ್ಲ. ಕೊಳ್ಳುವವನ ಗೋಡೆಯ ಮೇಲೆ ನಮ್ಮ ನೋವು ಅಲಂಕಾರವಾಗಿಬಿಡುತ್ತದೆ. ಆದರೂ ಸಾರ್ ಅವರ ಪತ್ರಗಳನ್ನು ನಾನು ಒಪ್ಪಲಾರೆ. ಜೆಮೈಮಾಳನ್ನು ವೀರರ ಪ್ರದರ್ಶನಕ್ಕೆ ಹೊತ್ತು ತಂದಾಗ ಆಕೆ ಯಾರ ಅಪ್ಪಣೆ ಕೇಳಿದ್ದರು?

ಹಿಟ್ಟಿನ ಕಂಪನಿ 2021ರಲ್ಲಿ ಆ ಹೆಸರು ಬಿಟ್ಟು ಬೇರೆ ಹೆಸರಿಟ್ಟುಕೊಂಡಿತು. ಸಾರ್ ಅವರ ಪೆಟ್ಟಿಗೆ ಬರ್ಕ್ಲಿಯ ವಸ್ತುಸಂಗ್ರಹಾಲಯದಲ್ಲಿದೆ. ಗೊಂಬೆ ಪೊರಕೆ ಬಿಟ್ಟಿಲ್ಲ.