ಅಯೂಬನ ಬೆನ್ನ ಮೇಲಿನ ಹೊರೆ

ಇರಾನಿನ ಚಿತ್ರಗಳೆಂದರೆ ಮುದ್ದು ಮಕ್ಕಳ ಚಿತ್ರಗಳು ಎಂಬ ಭಾವನೆ ನಮ್ಮ ಫಿಲ್ಮ್ ಸೊಸೈಟಿಗಳ ಪ್ರೇಕ್ಷಕರಲ್ಲಿ ಬಹಳ ಹಿಂದೆಯೇ ಬೇರೂರಿದೆ. ಕಳೆದುಹೋದ ಶೂ, ಗೆಳೆಯನ ನೋಟ್ ಪುಸ್ತಕ, ಹೊಸ ವರ್ಷಕ್ಕೆ ಮೀನು ಬೇಕೆಂದು ಹಟ ಹಿಡಿದ ಹುಡುಗಿ. ಇಂತಹ ಕಥೆಗಳನ್ನು ನೋಡಿ ನಾವು ಕಣ್ಣೊರೆಸಿಕೊಂಡು ಹಗುರ ಮನಸ್ಸಿನಿಂದ ಮನೆಗೆ ಮರಳಿದ್ದೇವೆ. ಬಹಮನ್ ಗೊಬಾದಿಯ 'ಎ ಟೈಮ್ ಫಾರ್ ಡ್ರಂಕನ್ ಹಾರ್ಸಸ್' (2000) ಆ ಹಗುರತನವನ್ನು ನಮಗೆ ಕೊಡುವುದಿಲ್ಲ. ಆ ವರ್ಷ ಕಾನ್ ಚಿತ್ರೋತ್ಸವದಲ್ಲಿ ಚೊಚ್ಚಲ ಚಿತ್ರಕ್ಕೆ ನೀಡುವ 'ಕ್ಯಾಮೆರಾ ದೋರ್' ಪ್ರಶಸ್ತಿಯನ್ನು ಇದು ಇನ್ನೊಂದು ಇರಾನಿ ಚಿತ್ರದೊಂದಿಗೆ ಹಂಚಿಕೊಂಡಿತು.

ಗೊಬಾದಿ ಇರಾಕಿನ ಗಡಿಗೆ ಅಂಟಿಕೊಂಡಿರುವ ಬಾನೆ ಪಟ್ಟಣದವರು, ಕುರ್ದ್ ಜನಾಂಗಕ್ಕೆ ಸೇರಿದವರು. ಇರಾನ್, ಇರಾಕ್, ತುರ್ಕಿ, ಸಿರಿಯಾ ಎಂಬ ನಾಲ್ಕು ದೇಶಗಳಲ್ಲಿ ಹಂಚಿಹೋದ ಜನಾಂಗವದು. ಗಡಿಯ ಆಚೆ ಈಚೆ ಒಂದೇ ಭಾಷೆ, ಒಂದೇ ನೆಂಟಸ್ತಿಕೆ. ಬೆಟ್ಟದ ಹಳ್ಳಿಗಳಲ್ಲಿ ಬೇರೆ ದುಡಿಮೆ ಇಲ್ಲದ್ದರಿಂದ ಟೈರು, ಚಹಾ, ಬಟ್ಟೆಗಳನ್ನು ಕದ್ದು ಸಾಗಿಸುವುದೇ ಅಲ್ಲಿನ ಜೀವನೋಪಾಯ. 1980ರಿಂದ 88ರ ತನಕ ನಡೆದ ಇರಾನ್-ಇರಾಕ್ ಯುದ್ಧದಲ್ಲಿ ಹೂತ ನೆಲಬಾಂಬುಗಳು ಅದೇ ದಾರಿಯಲ್ಲಿವೆ. ಚಿತ್ರದ ಮಕ್ಕಳ ತಂದೆ ಸಾಯುವುದು ಅಂತಹ ಬಾಂಬಿಗೆ ಸಿಕ್ಕಿ. ತಾಯಿ ಮೊದಲೇ ಇಲ್ಲ.

ಇನ್ನು ಮನೆ ನಡೆಸಬೇಕಾದವನು ಹನ್ನೆರಡರ ಆಸುಪಾಸಿನ ಅಯೂಬ್. ಅವನ ಅಣ್ಣ ಮಾದಿಗೆ ಹದಿನೈದು ವರ್ಷ, ಆದರೆ ದೇಹ ಮೂರು ವರ್ಷದ ಮಗುವಿನಷ್ಟು. ಬೇಗನೆ ಆಪರೇಷನ್ ಆಗದಿದ್ದರೆ ಅವನು ಬದುಕುವುದಿಲ್ಲ, ಆದರೂ ಹೆಚ್ಚೆಂದರೆ ಕೆಲವು ತಿಂಗಳು ಎನ್ನುತ್ತಾರೆ ವೈದ್ಯರು. ನಮ್ಮನ್ನು ಹೆಚ್ಚು ಕಾಡಿದ್ದು ಈ ಲೆಕ್ಕಾಚಾರ. ಕೆಲವೇ ತಿಂಗಳ ಆಯುಸ್ಸಿಗಾಗಿ ಒಬ್ಬ ಹುಡುಗ ಶಾಲೆ ಬಿಟ್ಟು, ಬಾಂಬು ಹೂತ ಹಿಮದ ದಾರಿಯಲ್ಲಿ, ಗುಂಡು ಹಾರಿಸುವ ಸೈನಿಕರ ಕಣ್ಣು ತಪ್ಪಿಸಿ ಹೊರೆ ಹೊರುತ್ತಾನೆ. ಇದನ್ನು ಅವನಿಂದ ಮಾಡಿಸುವ ಕ್ರೂರಿ ಯಜಮಾನ ಚಿತ್ರದಲ್ಲಿ ಯಾರೂ ಇಲ್ಲ. ಅವನನ್ನು ಆ ದಾರಿಗೆ ಎಳೆಯುವುದು ಅಣ್ಣನ ಮೇಲಿನ ಪ್ರೀತಿ.

ಬಾಲಕಾರ್ಮಿಕರ ಕುರಿತು ನಾವು ಬರೆಯುವ ಲೇಖನಗಳಲ್ಲಿ ಸಾಮಾನ್ಯವಾಗಿ ಒಬ್ಬ ಶೋಷಕ, ಒಬ್ಬ ದುರಾಸೆಯ ತಂದೆ ಅಥವಾ ಶಿಕ್ಷಣದ ಬೆಲೆ ಅರಿಯದ ಕುಟುಂಬ ಇದ್ದೇ ಇರುತ್ತದೆ. ಅಯೂಬನ ಮನೆಯಲ್ಲಿ ಶಿಕ್ಷಣದ ಬೆಲೆ ಎಲ್ಲರಿಗೂ ಗೊತ್ತು. ಚಿತ್ರದ ಆರಂಭದಲ್ಲೇ ಪೇಟೆಯಲ್ಲಿ ಗಾಜಿನ ಲೋಟಗಳಿಗೆ ಕಾಗದ ಸುತ್ತಿ ಕೂಲಿ ಮಾಡಿದ ಮಕ್ಕಳು ಲಾರಿಯಲ್ಲಿ ಮರಳುವಾಗ ಅಂಗಿಯೊಳಗೆ ಬಚ್ಚಿಟ್ಟುಕೊಂಡಿರುವುದು ಏನನ್ನು? ಬರೆಯುವ ನೋಟ್ ಪುಸ್ತಕಗಳನ್ನು. ತಪಾಸಣಾ ಠಾಣೆಯವರು ಅವನ್ನೂ ಕಿತ್ತುಕೊಳ್ಳುತ್ತಾರೆ. ಮುಂದೆ ಅಯೂಬ್ ತಾನು ಶಾಲೆ ಬಿಟ್ಟರೂ ತಂಗಿ ಅಮೀನಾಳ ಓದು ನಿಲ್ಲಬಾರದೆಂದು ಅವಳಿಗೆ ಪುಸ್ತಕ ತರುತ್ತಾನೆ. ಮಾದಿಗೆ ತರುವುದು ಒಬ್ಬ ದೇಹದಾರ್ಢ್ಯಪಟುವಿನ ಚಿತ್ರ! ಇದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ, ನಿರ್ದೇಶಕರು ಹೇಳಿಕೊಡುವುದೂ ಇಲ್ಲ.

ಅಕ್ಕ ರೋಜಿನ್ ಮದುವೆಗೆ ಒಪ್ಪುವುದು ಒಂದೇ ಕರಾರಿನ ಮೇಲೆ: ಇರಾಕಿನ ಗಂಡನ ಮನೆಯವರು ಮಾದಿಯನ್ನೂ ಕರೆದೊಯ್ದು ಆಪರೇಷನ್ ಮಾಡಿಸಬೇಕು. ದಿಬ್ಬಣ ಗಡಿ ತಲುಪಿದಾಗ ವರನ ತಾಯಿ ಮಾದಿಯನ್ನು ಬೇಡವೆನ್ನುತ್ತಾಳೆ. ಬದಲಿಗೆ ಒಂದು ಹೇಸರಗತ್ತೆಯನ್ನು ಕೊಟ್ಟು ಕಳಿಸುತ್ತಾರೆ. ಅನಾಥರನ್ನು ದೂಡುವವರ ಬಗ್ಗೆ ಕುರ್‌ಆನಿನ 'ಅಲ್ ಮಾಊನ್' ಅಧ್ಯಾಯ ಏನೆನ್ನುತ್ತದೆಂದು ನಮ್ಮ ಓದುಗರಿಗೆ ಗೊತ್ತು. ಹಾಗೆಂದು ಗೊಬಾದಿ ಆ ಹೆಂಗಸನ್ನು ರಾಕ್ಷಸಿಯಾಗಿ ಚಿತ್ರಿಸಿಲ್ಲ. ಆ ಹಿಮದಲ್ಲಿ ಯಾರ ಮನೆಗೂ ಇನ್ನೊಂದು ಬಾಯಿ ಭಾರವೇ.

ಹೆಸರಿನಲ್ಲಿ ಕುದುರೆಗಳಿದ್ದರೂ ಚಿತ್ರದಲ್ಲಿರುವುದು ಹೇಸರಗತ್ತೆಗಳು. ಕೊರೆಯುವ ಚಳಿಯಲ್ಲಿ ಅವು ಹೆಜ್ಜೆ ಕಿತ್ತಿಡಲೆಂದು ನೀರಿಗೆ ಮದ್ಯ ಬೆರೆಸಿ ಕುಡಿಸುತ್ತಾರೆ. ಪೊಲೀಸರ ಹೊಂಚುದಾಳಿಯಾದಾಗ ಅಮಲೇರಿದ ಪ್ರಾಣಿಗಳು ಹೊರೆಸಮೇತ ಬಿದ್ದುಬಿಡುತ್ತವೆ, ಏಳುವುದಿಲ್ಲ. ಹೊರುವ ಪ್ರಾಣಿಗಾದರೂ ಚಳಿ ಮರೆಸಲು ಏನೋ ಒಂದು ಸಿಗುತ್ತದೆ. ಹೊರುವ ಹುಡುಗನಿಗೆ ಅದೂ ಇಲ್ಲ.

ಚಿತ್ರದ ಬಗ್ಗೆ ನಮಗೊಂದು ತಕರಾರಿದೆ. ನಟರು ಆ ಹಳ್ಳಿಗಳವರೇ. ಮುಖ್ಯ ಪಾತ್ರಗಳಿಗೆ ಅವರವರ ಹೆಸರನ್ನೇ ಇಡಲಾಗಿದೆ. ಮಾದಿಯ ಪಾತ್ರ ವಹಿಸಿದ ಹುಡುಗನ ದೇಹಸ್ಥಿತಿ ಅಭಿನಯವಲ್ಲ. ಇಂಜೆಕ್ಷನ್ ಚುಚ್ಚುವಾಗ ಅವನು ಅಳುವ ಮುಖದ ಮೇಲೆ ಕ್ಯಾಮೆರಾ ಮತ್ತೆ ಮತ್ತೆ ನಿಲ್ಲುತ್ತದೆ. ಮಕ್ಕಳ ಸಂಕಟವನ್ನು ತೋರಿಸಲು ಒಂದು ಮಗುವನ್ನು ಎಷ್ಟರಮಟ್ಟಿಗೆ ಬಳಸಿಕೊಳ್ಳಬಹುದು? ಒಮ್ಮೆ ತೋರಿಸಿದ್ದರೆ ಸಾಕಿತ್ತು ಎಂದು ನಮಗನಿಸಿತು. ಅಯೂಬನ ಮೌನದಷ್ಟು ಗಟ್ಟಿಯಾಗಿ ಆ ಅಳು ನಿಲ್ಲುವುದಿಲ್ಲ.

ಗೊಬಾದಿಯ 'ಟರ್ಟಲ್ಸ್ ಕ್ಯಾನ್ ಫ್ಲೈ' (2004) ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಗುತ್ತದೆ. 2003ರಲ್ಲಿ ಅಮೆರಿಕ ಇರಾಕಿನ ಮೇಲೆ ದಾಳಿ ಮಾಡುವ ಹೊಸ್ತಿಲಲ್ಲಿ, ನಿರಾಶ್ರಿತ ಶಿಬಿರದ ಮಕ್ಕಳು ಹೊಲಗಳಲ್ಲಿನ ನೆಲಬಾಂಬುಗಳನ್ನು ಹೆಕ್ಕಿ ಮಾರಿ ಹೊಟ್ಟೆ ಹೊರೆಯುತ್ತಾರೆ. ಎರಡೂ ಕೈಗಳಿಲ್ಲದ ಹುಡುಗನೊಬ್ಬ ಬಾಯಿಯಿಂದ ಬಾಂಬಿನ ಕೀಲು ಕಳಚುತ್ತಾನೆ. ಅವರ ನಾಯಕ 'ಸ್ಯಾಟಲೈಟ್' ಬೆಲೆಗಾಗಿ ಚೌಕಾಸಿ ಮಾಡುವ ರೀತಿ ಪಕ್ಕಾ ವ್ಯಾಪಾರಿಯದು. ಕನಸು, ಭವಿಷ್ಯವಾಣಿಗಳ ಭಾರಕ್ಕೆ ಆ ಚಿತ್ರ ಅಲ್ಲಲ್ಲಿ ತೂಗಾಡುತ್ತದಾದರೂ ಈ ಚೌಕಾಸಿಯ ದೃಶ್ಯಗಳು ಮರೆಯುವಂಥವಲ್ಲ. ನೆಲಬಾಂಬು ನಿಷೇಧದ 1997ರ ಒಪ್ಪಂದವನ್ನು ಇರಾಕ್ 2007ರಲ್ಲಿ ಸೇರಿತು. ಇರಾನ್ ಸೇರಿಲ್ಲ.

ಗೊಬಾದಿ 2009ರಲ್ಲಿ ದೇಶ ಬಿಟ್ಟರು. ಬೆಟ್ಟದ ದಾರಿಯಲ್ಲಿ ಹೊರುವವರು ಮಾತ್ರ ಅಲ್ಲೇ ಇದ್ದಾರೆ. ಕುರ್ದಿ ಭಾಷೆಯಲ್ಲಿ ಅವರಿಗೆ 'ಕೋಲ್‌ಬರ್' ಎನ್ನುತ್ತಾರೆ, ಬೆನ್ನ ಮೇಲೆ ಹೊರುವವರು ಎಂದರ್ಥ. 2019ರ ಡಿಸೆಂಬರಿನಲ್ಲಿ ಮರಿವಾನ್ ಬಳಿಯ ಬೆಟ್ಟದಲ್ಲಿ ಹಿಮಪಾತಕ್ಕೆ ಸಿಕ್ಕಿ ಸಹೋದರರಿಬ್ಬರು ಹೊರೆಯ ದಾರಿಯಲ್ಲೇ ಸತ್ತರು. ಕಿರಿಯವನಿಗೆ 14 ವರ್ಷ.