ಆಂಜೆಲಿಕ್ ವಿಚಾರಣೆ: ಕಾನೂನಿನ ಪ್ರಕಾರವೇ ನಡೆದ ಅನ್ಯಾಯ

1734ರ ಏಪ್ರಿಲ್ 10ರ ಸಂಜೆ, ಫ್ರೆಂಚರ ವಸಾಹತಾಗಿದ್ದ ಮಾಂಟ್ರಿಯಲ್‌ನಲ್ಲಿ ಬೆಂಕಿ ಬಿದ್ದು ಆಸ್ಪತ್ರೆಯೂ ಸೇರಿ ಸುಮಾರು 45 ಕಟ್ಟಡಗಳು ಸುಟ್ಟುಹೋದವು. ಬೆಂಕಿ ಹೊತ್ತಿಕೊಂಡದ್ದು ಒಬ್ಬ ವ್ಯಾಪಾರಿಯ ವಿಧವೆಯ ಮನೆಯಲ್ಲಿ. ಮರುದಿನವೇ ಆ ಮನೆಯ ಗುಲಾಮಳು, ಪೋರ್ಚುಗಲ್ ಮೂಲದ ಕಪ್ಪು ಹೆಣ್ಣುಮಗಳು ಮಾರಿ-ಜೋಸೆಫ್ ಆಂಜೆಲಿಕ್ ಸೆರೆಯಾದಳು. ಕಣ್ಣಾರೆ ಕಂಡವರಿರಲಿಲ್ಲ. ಊರವರ ಬಾಯಲ್ಲಿ ಅವಳ ಹೆಸರು ಓಡಾಡುತ್ತಿತ್ತು. ಬಂಧಿಸಲು ಅಷ್ಟೇ ಸಾಕಾಯಿತು.

ವಸಾಹತುಗಳಲ್ಲಿ ನಡೆದದ್ದೆಲ್ಲ ಕಾನೂನಿಲ್ಲದ ದೌರ್ಜನ್ಯ ಎಂದುಬಿಡುವುದು ಸುಲಭ. ಈ ಪ್ರಕರಣದ ಮಟ್ಟಿಗೆ ಆ ಮಾತು ನಿಲ್ಲುವುದಿಲ್ಲ. ಹದಿನಾಲ್ಕನೇ ಲೂಯಿ 1670ರಲ್ಲಿ ಹೊರಡಿಸಿದ ಶಾಸನದಂತೆಯೇ ವಿಚಾರಣೆ ನಡೆಯಿತು. ಪ್ರಶ್ನೆ, ಉತ್ತರ ಎಲ್ಲವನ್ನೂ ಗುಮಾಸ್ತ ಬರೆದಿಟ್ಟ. ಸಾಕ್ಷಿಗಳನ್ನು ಅವಳ ಎದುರಿಗೇ ನಿಲ್ಲಿಸಿದರು. ಆದರೆ ಆ ವಸಾಹತಿನಲ್ಲಿ ವಕೀಲರಿಗೆ ಅವಕಾಶವೇ ಇರಲಿಲ್ಲ. ನ್ಯಾಯಾಧೀಶನ ಮುಂದೆ ಅವಳು ಒಂಟಿ. ಇಪ್ಪತ್ತಕ್ಕೂ ಹೆಚ್ಚು ಜನ ಸಾಕ್ಷಿ ಹೇಳಿದ ಮೇಲೆ, ಐದು ವರ್ಷದ ಹುಡುಗಿಯೊಬ್ಬಳು ಆಂಜೆಲಿಕ್ ಸಲಿಕೆಯಲ್ಲಿ ಕೆಂಡ ಹಿಡಿದು ಅಟ್ಟ ಹತ್ತಿದ್ದನ್ನು ಕಂಡೆ ಎಂದಳು. ವಾರಗಟ್ಟಲೆ ಊರೆಲ್ಲ ಅದನ್ನೇ ಆಡಿಕೊಂಡ ಮೇಲೆ ಬಂದ ಮಗುವಿನ ಮಾತಿಗೆ ಒಂದು ಜೀವದಷ್ಟು ಬೆಲೆ ಕಟ್ಟಿದ್ದನ್ನು ನಾನು ಒಪ್ಪಲಾರೆ.

ಕೈ ಕಡಿದು ಜೀವಂತ ಸುಡಬೇಕೆಂಬುದು ಮಾಂಟ್ರಿಯಲ್‌ನ ತೀರ್ಪು. ಮೇಲ್ಮನವಿಯಲ್ಲಿ ಕ್ವಿಬೆಕ್‌ನ ಉನ್ನತ ಮಂಡಳಿ ಅದನ್ನು ಗಲ್ಲಿಗೆ ಇಳಿಸಿ, ಹೆಣವನ್ನು ಆಮೇಲೆ ಸುಡಿ ಎಂದಿತು. ಇದನ್ನು ದಯೆ ಎನ್ನುವವರಿದ್ದಾರೆ. ಸಾಯಿಸುವ ರೀತಿ ಬದಲಾಯಿತೇ ಹೊರತು ಅಪರಾಧಿ ಎಂಬ ತೀರ್ಮಾನ ಕದಲಲಿಲ್ಲ.

ಜೂನ್ 21ರಂದು, ಶಿಕ್ಷೆ ಖಚಿತವಾದ ಮೇಲೆ, ಚಿತ್ರಹಿಂಸೆ. ಜೊತೆಗಾರರ ಹೆಸರು ಬೇಕಿತ್ತು. ಕಾಲುಗಳಿಗೆ ಹಲಗೆ ಬಿಗಿದು ನಡುವೆ ಕೊಡತಿಯಿಂದ ಬೆಣೆ ಹೊಡೆಯುವುದು, ಒಂದಾದ ಮೇಲೊಂದು. ಅಲ್ಲಿಯವರೆಗೂ ಇಲ್ಲ ಎನ್ನುತ್ತಲೇ ಬಂದವಳು ಆಗ ಒಪ್ಪಿಕೊಂಡಳು. ಮಾಡಿದ್ದು ತಾನೊಬ್ಬಳೇ ಎಂದಳು. ಬೆಣೆ ಹೊಡೆದವನು ಮಾರ್ಟಿನೀಕ್ ದ್ವೀಪದಿಂದ ತರಿಸಿದ್ದ ಕಪ್ಪು ಗುಲಾಮ ಮಾತ್ಯು ಲೆವೆಯೆ. ಬಿಳಿಯರು ಹೇಸುತ್ತಿದ್ದ ಕೆಲಸವನ್ನು ಅವನ ತಲೆಗೆ ಕಟ್ಟಿದ್ದರು. ಅಂದೇ ಅವಳನ್ನು ನೇಣಿಗೇರಿಸಿದವನೂ ಅವನೇ. ಈ ವ್ಯವಸ್ಥೆಯ ಕ್ರೌರ್ಯ ನನಗೆ ಅತ್ಯಂತ ನಿಚ್ಚಳವಾಗಿ ಕಾಣುವುದು ಇಲ್ಲಿ.

ಬೆಂಕಿ ಹಚ್ಚಿದ್ದು ಅವಳೇ, ಅದು ಬಂಡಾಯ ಎನ್ನುತ್ತಾರೆ ಇತಿಹಾಸಕಾರ್ತಿ ಆಫುವಾ ಕೂಪರ್. ಅಲ್ಲ ಎನ್ನುತ್ತಾರೆ ದೆನಿಸ್ ಬೋಗ್ರಾಂ-ಶಾಂಪಾಞ್. ಬಂಡಾಯಕ್ಕೆ ಕಾರಣವಂತೂ ಇತ್ತು: 600 ಪೌಂಡ್ ಕೋವಿಮದ್ದಿಗೆ ಅವಳನ್ನು ಮಾರಲು ಒಡತಿ ಮಾತಾಡಿದ್ದಳು, ಫೆಬ್ರುವರಿಯಲ್ಲಿ ಗೆಳೆಯ ಕ್ಲೋದ್ ತಿಬೊ ಜೊತೆ ಓಡಿಹೋಗಿ ಸಿಕ್ಕಿಬಿದ್ದಿದ್ದಳು. ಆದರೂ ಬೆಣೆಯ ನೋವಿಗೆ ಹೊರಬಿದ್ದ ತಪ್ಪೊಪ್ಪಿಗೆಯ ಮೇಲೆ ಯಾವ ವಾದವನ್ನೂ, ಅವಳಿಗೆ ಗೌರವ ತರುವ ವಾದವನ್ನೂ, ನಿಲ್ಲಿಸಲು ನನ್ನ ಮನಸ್ಸು ಒಪ್ಪದು. ತಪ್ಪಿಸಿಕೊಂಡಿದ್ದ ತಿಬೊನನ್ನು ಕೊನೆಗೂ ಅವಳು ಹಿಡಿದುಕೊಡಲಿಲ್ಲ. ಆ ಕಡತದಲ್ಲಿ ನಾನು ಪೂರ್ತಿ ನಂಬುವುದು ಇದೊಂದನ್ನೇ.